ಕೇಳಿ, ಅದು ನಿಮ್ಮ ಕಡತ

ಓದುಗರೊಬ್ಬರ ಪತ್ರ: "ನನಗೀಗ ನಲವತ್ತೊಂದು ವರ್ಷ. ಕೂಸಾಗಿದ್ದಾಗಲೇ ದತ್ತು ಬಂದವಳು. ಎದೆಯಲ್ಲಿ ಗಂಟು ಕಾಣಿಸಿತೆಂದು ಡಾಕ್ಟರ್ ಹತ್ತಿರ ಹೋದೆ. 'ನಿಮ್ಮ ತಾಯಿಗೆ, ಅಕ್ಕತಂಗಿಯರಿಗೆ ಯಾರಿಗಾದರೂ ಇತ್ತಾ?' ಅಂದರು. ಏನು ಹೇಳಬೇಕೋ ತೋಚದೆ 'ಇಲ್ಲ' ಅಂದುಬಿಟ್ಟೆ. ಗಂಟು ಅಪಾಯದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ದತ್ತು ಕೊಟ್ಟ ಸಂಸ್ಥೆಗೆ ಫೋನ್ ಮಾಡಿದರೆ 'ಅವೆಲ್ಲ ಗುಟ್ಟಿನ ಫೈಲು, ಕೊಡೋಕಾಗಲ್ಲ' ಅಂದರು. ಮನೆಯಲ್ಲಿ ಮಾತೆತ್ತಿದರೆ ಅಮ್ಮ 'ನಾವೇನು ಕಡಿಮೆ ಮಾಡಿದ್ವಿ?' ಅಂತ ಅತ್ತರು. ನಾನು ಕೇಳುತ್ತಿರುವುದು ತಪ್ಪಾ?"

ಸಂಪಾದಕರ ಉತ್ತರ:

ತಪ್ಪಲ್ಲ. ಎಷ್ಟು ಮಾತ್ರಕ್ಕೂ ತಪ್ಪಲ್ಲ.

ಮೊದಲು ಒಂದು ತುರ್ತಿನ ಮಾತು. ಡಾಕ್ಟರ ಹತ್ತಿರ 'ಇಲ್ಲ' ಅಂದಿರಲ್ಲ, ಅದನ್ನು ದಯವಿಟ್ಟು ತಿದ್ದಿಸಿ. 'ನಾನು ದತ್ತು ಬಂದವಳು, ಹೆತ್ತವರ ಆರೋಗ್ಯದ ವಿಷಯ ಗೊತ್ತಿಲ್ಲ' ಅಂತ ಬರೆಸಿ. ಕುಟುಂಬದಲ್ಲಿ ಕಾಯಿಲೆ ಇಲ್ಲ ಅಂತ ಬರೆದಿದ್ದರೆ ಡಾಕ್ಟರ್ ನಿರಾಳವಾಗಿ ಮುಂದೆ ಹೋಗುತ್ತಾರೆ. ಗೊತ್ತಿಲ್ಲ ಅಂತ ಬರೆದಿದ್ದರೆ, ಯಾವ ಪರೀಕ್ಷೆಯನ್ನು ಸ್ವಲ್ಪ ಬೇಗ ಮಾಡಿಸಬೇಕು ಅಂತ ಯೋಚಿಸುತ್ತಾರೆ. ದತ್ತು ಬಂದ ಎಷ್ಟೋ ಜನ ಮುಜುಗರಕ್ಕೆ ನಿಮ್ಮ ಹಾಗೆಯೇ 'ಇಲ್ಲ' ಅಂದು ಎದ್ದು ಬರುತ್ತಾರೆ.

ಇದು ಯಾಕೆ ಅಷ್ಟು ಮುಖ್ಯ? ಕಾಯಿಲೆಯ ಹೆಸರಷ್ಟೇ ಅಲ್ಲ, ಅದು ಯಾವ ವಯಸ್ಸಿಗೆ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತಂದೆಗೋ ತಾಯಿಗೋ 45ನೇ ವಯಸ್ಸಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಮಕ್ಕಳು ಅದಕ್ಕಿಂತ ಹತ್ತು ವರ್ಷ ಮೊದಲೇ, ಅಂದರೆ 35ಕ್ಕೇ ಪರೀಕ್ಷೆ ಶುರು ಮಾಡಬೇಕು ಅನ್ನುತ್ತಾರೆ ವೈದ್ಯರು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುವ ಬಿಆರ್‌ಸಿಎ ಜೀನಿನ ದೋಷ ಹೆತ್ತವರಲ್ಲಿ ಒಬ್ಬರಿಗಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅದು ತಂದೆಯಿಂದಲೂ ಬರಬಹುದು. ಹುಟ್ಟಿನಿಂದಲೇ ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇರುವ ಒಂದು ವಂಶಪಾರಂಪರ್ಯ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗಿದೆ. ಗೊತ್ತಾದರೆ ಮಾತ್ರೆಯಿಂದ ಹತೋಟಿಗೆ ತರಬಹುದು. ಗೊತ್ತಾಗದಿದ್ದರೆ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಬಹುದು. ಮನೆಯಲ್ಲಿ ಅಜ್ಜ, ಮಾವ, ದೊಡ್ಡಪ್ಪ ಅಂತ ಬೆಳೆದವರಿಗೆ ಈ ಸುಳಿವೆಲ್ಲ ಮಾತುಮಾತಲ್ಲೇ ಸಿಕ್ಕಿರುತ್ತದೆ. ನಿಮಗೆ ಅದು ಒಂದು ಕಪಾಟಿನೊಳಗಿದೆ, ಬೀಗದ ಕೈ ಬೇರೆಯವರ ಹತ್ತಿರ ಇದೆ.

ಆ ಕಪಾಟು ತೆರೆದರೂ ಎಲ್ಲ ಸಿಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ದತ್ತು ಕಡತದಲ್ಲಿ ಸಾಮಾನ್ಯವಾಗಿ ಇರುವುದು ಹುಟ್ಟಿದ ದಿನ, ತೂಕ, ಮಗುವಿನ ತಪಾಸಣೆ, ಹಾಕಿಸಿದ ಲಸಿಕೆ, ತಾಯಿಯ ವಯಸ್ಸು, ಮಗುವನ್ನು ಒಪ್ಪಿಸಿದ ಪತ್ರ. ಇಪ್ಪತ್ತು ವರ್ಷದ ಹುಡುಗಿಯನ್ನು ಅಂದು ಯಾರಾದರೂ 'ನಿಮ್ಮ ಮನೇಲಿ ಕಾಯಿಲೆ ಇದೆಯಾ' ಅಂತ ಕೇಳಿದ್ದರೂ 'ಏನಿಲ್ಲ' ಅಂದಿರುತ್ತಾಳೆ. ಆಗ ಅವಳ ತಾಯಿಗೇ ಇನ್ನೂ ನಲವತ್ತೋ ನಲವತ್ತೈದೋ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕ್ಯಾನ್ಸರ್ ಎಲ್ಲ ಆಮೇಲೆ ಬರುವಂಥವು. ತಂದೆಯ ಕಡೆಯ ವಿಷಯವಂತೂ ಬಹಳ ಕಡತಗಳಲ್ಲಿ ಇರುವುದೇ ಇಲ್ಲ. ಹಾಗಾಗಿ ನಿಮಗೆ ಹಳೆಯ ಕಾಗದವೂ ಬೇಕು, ಅಂದಿನಿಂದ ಇಂದಿನವರೆಗೆ ಆ ಮನೆಯವರ ಆರೋಗ್ಯದಲ್ಲಿ ಏನಾಯಿತು ಅನ್ನುವುದೂ ಬೇಕು. ಎರಡನ್ನೂ ಕೇಳಿ.

ಇನ್ನು ಆ 'ಗುಟ್ಟಿನ ಫೈಲು' ಅನ್ನುವ ಮಾತು. ಗುಟ್ಟು ಕಾಪಾಡುತ್ತೇವೆ ಅಂತ ಮಾತು ಕೊಟ್ಟವರು, ತೆಗೆದುಕೊಂಡವರು ಎಲ್ಲರೂ ದೊಡ್ಡವರು. ಮಗುವನ್ನು ಯಾರೂ ಕೇಳಿರಲಿಲ್ಲ. ಆ ಮಗುವಿಗೆ ಈಗ ನಲವತ್ತೊಂದು. ಅವರೆಲ್ಲ ಸೇರಿ ಮಾಡಿಕೊಂಡ ಒಪ್ಪಂದ ನಿಮ್ಮ ದೇಹದ ವಿಷಯವನ್ನು ನಿಮ್ಮಿಂದಲೇ ಮುಚ್ಚಿಡುವುದು ಸರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅದೂ ಅಲ್ಲದೆ, ಗುಟ್ಟು ಬೇಕು ಅಂತ ಎಲ್ಲ ತಾಯಂದಿರೂ ಕೇಳಿದ್ದರು ಅನ್ನುವುದು ನಿಜವಲ್ಲ. ಆಸ್ಟ್ರೇಲಿಯಾದಲ್ಲಿ ಮದುವೆಯಾಗದ ಹುಡುಗಿಯರಿಂದ ಒತ್ತಾಯ ಮಾಡಿ ಮಕ್ಕಳನ್ನು ಕಿತ್ತುಕೊಂಡಿದ್ದಕ್ಕೆ 2013ರ ಮಾರ್ಚ್ 21ರಂದು ಪ್ರಧಾನಿ ಜೂಲಿಯಾ ಗಿಲಾರ್ಡ್ ದೇಶದ ಪರವಾಗಿ ಕ್ಷಮೆ ಕೇಳಿದರು. ಅಂಥ ತಾಯಂದಿರಲ್ಲಿ ಎಷ್ಟೋ ಜನ ಮಕ್ಕಳ ಸುದ್ದಿಗಾಗಿ ವರ್ಷಗಟ್ಟಲೆ ಕಾದವರು.

ಕಡತ ತೆರೆದರೆ ಅನಾಹುತ ಆಗುತ್ತದೆ ಅಂತ ಹೆದರಿಸುವವರಿಗೆ ಸ್ಕಾಟ್ಲೆಂಡ್ ತೋರಿಸಿ. ಅಲ್ಲಿ 1930ರ ಕಾನೂನಿನಲ್ಲೇ, ದತ್ತು ಹೋದವರು ದೊಡ್ಡವರಾದ ಮೇಲೆ ಮೂಲ ಜನನ ದಾಖಲೆ ನೋಡಲು ಅವಕಾಶವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್ 1975ರ ಕಾನೂನಿನಿಂದ 18 ತುಂಬಿದವರಿಗೆ ಅದನ್ನು ಕೊಟ್ಟವು. ಹಳೆಯ ದತ್ತುಗಳಲ್ಲಿ ತಾಯಂದಿರಿಗೆ ಗುಟ್ಟಿನ ಭರವಸೆ ಇದ್ದುದರಿಂದ, ಮೊದಲು ಆಪ್ತ ಸಮಾಲೋಚಕರ ಜೊತೆ ಒಮ್ಮೆ ಮಾತಾಡಬೇಕು ಅಂತ ನಿಯಮ ಮಾಡಿದರು. ಕಡತ ಮುಚ್ಚಲಿಲ್ಲ. ಅಮೆರಿಕದಲ್ಲಿ ಬಹಳ ರಾಜ್ಯಗಳು ಮೂಲ ಜನನ ಪತ್ರವನ್ನು ಮೊಹರು ಹಾಕಿ ಒಳಗಿಟ್ಟವು, ಆದರೆ ಕಾನ್ಸಾಸ್ ಮತ್ತು ಅಲಾಸ್ಕಾ ದೊಡ್ಡವರಾದವರಿಗೆ ಅದನ್ನು ಯಾವತ್ತೂ ಮುಚ್ಚಲಿಲ್ಲ. ಆರೆಗಾನ್‌ನಲ್ಲಿ 1998ರಲ್ಲಿ ಜನರೇ ಮತ ಹಾಕಿ ತೆರೆಸಿದರು. ಐರ್ಲೆಂಡ್ 2022ರಲ್ಲಿ ಜನನ ಪತ್ರದ ಜೊತೆಗೆ ಆರೋಗ್ಯದ ಮಾಹಿತಿಯನ್ನೂ ಕೊಡುವ ಕಾನೂನು ತಂದಿತು.

ಭಾರತದಲ್ಲಿ 2022ರ ದತ್ತು ನಿಯಮಾವಳಿಯಲ್ಲಿ, ದತ್ತು ಹೋದವರು ತಮ್ಮ ಮೂಲ ಹುಡುಕುವುದಕ್ಕೆ 'ರೂಟ್ ಸರ್ಚ್' ಅನ್ನುತ್ತಾರೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು. ನಿಮ್ಮ ಪರವಾಗಿ ಬೇರೆಯವರು ಹುಡುಕುವಂತಿಲ್ಲ. ಮಗುವನ್ನು ಒಪ್ಪಿಸುವಾಗ ತಾಯಿ ಗುಟ್ಟು ಬೇಕು ಅಂದಿದ್ದರೆ ಅವರ ಒಪ್ಪಿಗೆ ಕೇಳಬೇಕು. ಅವರು ಒಪ್ಪದಿದ್ದರೂ, ಸಿಗದಿದ್ದರೂ, ಯಾವ ಕಾರಣಕ್ಕೆ, ಯಾವ ಪರಿಸ್ಥಿತಿಯಲ್ಲಿ ನಿಮ್ಮನ್ನು ಒಪ್ಪಿಸಿದರು ಅನ್ನುವುದನ್ನು ನಿಮಗೆ ತಿಳಿಸಬೇಕು. ಅಂತರ-ದೇಶ ದತ್ತುಗಳಿಗಾಗಿ ಇರುವ 1993ರ ಹೇಗ್ ಒಪ್ಪಂದದ 30ನೇ ವಿಧಿಯೂ ಹೆತ್ತವರ ಗುರುತು ಮತ್ತು ಆರೋಗ್ಯ ಚರಿತ್ರೆಯನ್ನು ಜೋಪಾನ ಮಾಡಲೇಬೇಕು ಅನ್ನುತ್ತದೆ.

ಈಗ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ತಾಯಿಯ ಹೆಸರು ಬೇರೆ, ತಾಯಿಯ ಕಾಯಿಲೆ ಬೇರೆ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ 'ಗುಟ್ಟು' ಅಂದುಬಿಡುತ್ತಾರೆ. ಹೆಸರು, ಊರು, ವಿಳಾಸ ಒಂದೂ ಹೇಳದೆಯೇ 'ತಾಯಿಗೆ ಬಿಪಿ ಇತ್ತು, ಅಜ್ಜಿಗೆ ಐವತ್ತರಲ್ಲಿ ಸ್ತನ ಕ್ಯಾನ್ಸರ್ ಆಯಿತು' ಅಂತ ತಿಳಿಸಬಹುದು ಅಲ್ವಾ? ಆದ್ದರಿಂದ ಅರ್ಜಿ ಎರಡು ಮಾಡಿ. ಒಂದರಲ್ಲಿ ಗುರುತು ಹೇಳದ ಮಾಹಿತಿ ಮಾತ್ರ ಕೇಳಿ. ನಿಮ್ಮ ಜನನದ ವಿವರ, ಮಗುವಾಗಿದ್ದಾಗಿನ ತಪಾಸಣೆ ವರದಿ, ಹೆತ್ತವರ ಆರೋಗ್ಯದ ಬಗ್ಗೆ ಕಡತದಲ್ಲಿ ಇರುವುದೆಲ್ಲ, ಇಷ್ಟು. ಇದಕ್ಕೆ ಇಲ್ಲ ಅನ್ನಲು ಸಂಸ್ಥೆಗೆ ಕಾರಣ ಸಿಗುವುದು ಕಷ್ಟ. ಗುರುತು ಬೇಕು, ಭೇಟಿ ಬೇಕು ಅನ್ನುವುದು ಎರಡನೇ ಅರ್ಜಿ. ಅದು ನಿಧಾನವಾಗಬಹುದು, ಆಗದೆಯೂ ಇರಬಹುದು. ಅದಕ್ಕೆ ತಡವಾಯಿತು ಅಂತ ಮೊದಲಿನದು ನಿಲ್ಲಬಾರದು.

ಫೋನಿನಲ್ಲಿ ಹೇಳಿದ ಮಾತನ್ನು ಉತ್ತರ ಅಂತ ತೆಗೆದುಕೊಳ್ಳಬೇಡಿ. ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಕೇಳಿ. ಡಾಕ್ಟರಿಂದ ಒಂದು ಪತ್ರ ಬರೆಸಿ ಜೊತೆಗಿಡಿ. ಕಡತ ಇಲ್ಲ ಅಂದರೆ ಎಲ್ಲಿ ಹೋಯಿತು, ಯಾರಿಗೆ ಹಸ್ತಾಂತರವಾಯಿತು ಅಂತ ಕೇಳಿ. ಹೆರಿಗೆಯಾದ ಆಸ್ಪತ್ರೆಯ ದಾಖಲೆ, ದತ್ತಿಗೆ ಒಪ್ಪಿಗೆ ಕೊಟ್ಟ ಕೋರ್ಟಿನ ಕಾಗದ ಎಲ್ಲ ಬೇರೆ ಬೇರೆ ಕಡೆ ಇರುತ್ತವೆ. ಸಂಸ್ಥೆ ಮುಚ್ಚಿದ ಮಾತ್ರಕ್ಕೆ ಎಲ್ಲವೂ ಹೋಯಿತು ಅಂತಲ್ಲ.

ಡಿಎನ್ಎ ಪರೀಕ್ಷೆ ಮಾಡಿಸಿದರೆ ಸಾಕಲ್ಲ ಅನ್ನುವವರು ಸಿಗುತ್ತಾರೆ. ಮನೆಗೆ ತರಿಸಿಕೊಳ್ಳುವ ಕಿಟ್‌ಗಳು ಸಾಮಾನ್ಯವಾಗಿ ಜೀನಿನ ಕೆಲವು ಗುರುತಾದ ಬದಲಾವಣೆಗಳನ್ನಷ್ಟೇ ನೋಡುತ್ತವೆ, ಏನೂ ಕಾಣಲಿಲ್ಲ ಅಂದರೆ ಅಪಾಯ ಇಲ್ಲ ಅಂತ ಅರ್ಥವಲ್ಲ. ಆರೋಗ್ಯಕ್ಕಾದರೆ, ವಂಶಪಾರಂಪರ್ಯ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಮೂಲಕವೇ ಹೋಗಿ. ಸಂಬಂಧಿಕರನ್ನು ಹುಡುಕಲು ಕಿಟ್ ಕೆಲಸ ಮಾಡಬಹುದು. ಆದರೆ ಅದರಲ್ಲಿ ಮೊದಲು ಸಿಗುವುದು ಯಾರೋ ಸೋದರಸಂಬಂಧಿ ಇರಬಹುದು, ತಾಯಿಯ ವಿಷಯ ಅವರ ಬಾಯಿಂದ ಇಡೀ ಮನೆಗೆ ತಿಳಿದುಬಿಡಬಹುದು. ಆ ದಾರಿ ಕೊನೆಯದಾಗಿರಲಿ.

ನಿಮ್ಮ ಅಮ್ಮನ ಕಣ್ಣೀರನ್ನು ನಾನು ಹಗುರ ಮಾಡುವುದಿಲ್ಲ. ಅವರಿಗೆ ನಿಮ್ಮನ್ನು ಕಳೆದುಕೊಳ್ಳುವ ಭಯ. ಜಗಳ ಮಾಡಿ ಗೆಲ್ಲುವ ವಿಷಯ ಇದಲ್ಲ. ಅವರನ್ನು ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಈ ಪ್ರಶ್ನೆಗಳನ್ನು ಅವರ ಕಿವಿಗೇ ಬೀಳಿಸಿ. ಹಳೆಯ ಕಾಗದ, ಮಗುವಿನ ಲಸಿಕೆ ಚೀಟಿ, ಅಂದು ಸಂಸ್ಥೆಯವರು ಬಾಯಲ್ಲಿ ಹೇಳಿದ ಮಾತು ಅವರ ಹತ್ತಿರವೇ ಇರುವ ಸಾಧ್ಯತೆ ಜಾಸ್ತಿ. ಆದರೆ ಅವರು ಒಪ್ಪುವವರೆಗೆ ಕಾಯುತ್ತಾ ಪರೀಕ್ಷೆಗಳನ್ನು ಮುಂದೂಡಬೇಡಿ.

ಹೆತ್ತ ತಾಯಿ ಸಿಕ್ಕರೆ ನೇರವಾಗಿ ಅವರ ಬಾಗಿಲಿಗೆ ಹೋಗಬೇಡಿ. ಅವರ ಗಂಡನಿಗೆ, ಮಕ್ಕಳಿಗೆ ನಿಮ್ಮ ವಿಷಯ ಗೊತ್ತಿಲ್ಲದೇ ಇರಬಹುದು. ಸಂಸ್ಥೆಯ ಮೂಲಕ ಚಿಕ್ಕ ಪತ್ರ ಕಳಿಸಿ. ನಾನು ಚೆನ್ನಾಗಿದ್ದೇನೆ, ನಿಮ್ಮ ಮೇಲೆ ಕೋಪವಿಲ್ಲ, ಭೇಟಿ ನಿಮ್ಮ ಇಷ್ಟ, ಆರೋಗ್ಯದ ಈ ಕೆಲವು ಪ್ರಶ್ನೆಗಳಿಗೆ ಮಾತ್ರ ಉತ್ತರ ಬೇಕು ಅಂತ ಬರೆಯಿರಿ. ಯಾವ ಕಾಯಿಲೆ, ಯಾರಿಗೆ, ಯಾವ ವಯಸ್ಸಿಗೆ ಅಂತ ತುಂಬಲು ಒಂದು ಹಾಳೆ ಜೊತೆಗಿಡಿ. ಹೆಸರು ಬರೆಯುವ ಜಾಗ ಅದರಲ್ಲಿ ಬೇಡ. ಭೇಟಿಗೆ ಒಲ್ಲೆ ಅನ್ನುವವರೂ ಆ ಹಾಳೆಯನ್ನು ತುಂಬಿ ಕಳಿಸಬಹುದು.