ಆಲಮಟ್ಟಿ ಹಿನ್ನೀರಿನಾಗ ಬಂಗಡೆ ಬೆಳಿಬಹುದೇನ್ರಿ?

ನೀವು ಎರಡು ಮಾತು ಕೇಳಿದ್ದೀರಿ. ಬಾಗಲಕೋಟೆ ಕಡೆ ಹಿನ್ನೀರು, ಕೃಷಿಹೊಂಡಗಳಲ್ಲಿ ರೋಹು, ಕಾಟ್ಲಾ ಬೆಳೆದಂತೆ ಬಂಗಡೆ ಯಾಕೆ ಬೆಳೆಯಬಾರದು? ಮತ್ತು ಜೂನ್-ಜುಲೈನಲ್ಲಿ ಪ್ಯಾಟಿಗೆ ಬರುವ ಬಂಗಡೆಗೆ ರುಚಿ ಯಾಕಿಲ್ಲ?

ಮೊದಲನೆಯದು ಆಗೂದಿಲ್ಲರಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲ್ಲಿ ಬಂಗಡೆಯ ಮೈಯ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಕೃಷ್ಣೆಯ ಸಿಹಿನೀರಿನಲ್ಲಿ ಇದೆಲ್ಲ ಉಲ್ಟಾ: ನೀರು ಒಳಗೆ ನುಗ್ಗುತ್ತದೆ, ರಕ್ತದ ಉಪ್ಪು ಹೊರಗೆ ಹೋಗುತ್ತದೆ, ಮೀನು ಸಾಯುತ್ತದೆ.

ಹೊಂಡಕ್ಕೆ ಉಪ್ಪು ಸುರಿದರೂ ಕೆಲಸ ಕೆಡುವುದು ಊಟದಲ್ಲಿ. ಬಂಗಡೆಯ ಬಾಯಿ ಅಗಲಿಸಿ ನೋಡಿ, ಹಕ್ಕಿ ಗರಿಯಂಥ ಉದ್ದನೆಯ ಎಳೆಗಳು ಕಾಣುತ್ತವೆ. ಅದೇ ಅದರ ಜರಡಿ. ದೊಡ್ಡ ಹಿಂಡು ಕಟ್ಟಿಕೊಂಡು, ಬಾಯಿ ತೆರೆದು ಈಜುತ್ತ, ಡಯಾಟಮ್, ಕೊಪೆಪಾಡ್‌ನಂಥ ಸಣ್ಣ ಜೀವಿಗಳನ್ನು ಅದು ಸೋಸಿ ತಿನ್ನುತ್ತದೆ. ಅಷ್ಟು ಓಡಾಟಕ್ಕೆ ತೆರೆದ ಕಡಲೇ ಬೇಕು. ಕಡಲ ಕಡೆಯ ಮೀನೇ ಬೆಳೆಯಬೇಕೆಂದರೆ ಸೀಬಾಸ್ ಇದೆ. ಮರಿ ಮಾಡಲು ಅದಕ್ಕೆ ಉಪ್ಪುನೀರು ಬೇಕು, ಆದರೆ ನಿಧಾನವಾಗಿ ಒಗ್ಗಿಸಿದ ಮರಿ ಸಿಹಿನೀರಿನಲ್ಲಿ ಬೆಳೆಯುತ್ತದೆ. ದೊಡ್ಡದು ಸಣ್ಣದನ್ನು ನುಂಗುತ್ತದೆ, ಆದ್ದರಿಂದ ಅಳತೆ ನೋಡಿ ಮೇಲಿಂದ ಮೇಲೆ ಬೇರ್ಪಡಿಸಲೇಬೇಕು.

ಇನ್ನು ರುಚಿಯ ಮಾತು. ನೈರುತ್ಯ ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಆಳದ ತಣ್ಣೀರು ಗೊಬ್ಬರದಂಥ ಲವಣಗಳನ್ನು ಹೊತ್ತು ಮೇಲಕ್ಕೆ ಬರುತ್ತದೆ. ಸಣ್ಣ ಜೀವಿಗಳು ದಂಡಿಯಾಗಿ ಹುಟ್ಟುತ್ತವೆ, ಅವನ್ನು ತಿಂದು ಬಂಗಡೆ ಕೊಬ್ಬುತ್ತದೆ. ಮೊಟ್ಟೆ ಇಡುವ ಭರವೂ ಹೆಚ್ಚಾಗಿ ಅದೇ ಹೊತ್ತಿಗೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆಗ ನಿಮ್ಮ ಪ್ಯಾಟಿಗೆ ಬರುವುದು ಬಹುಪಾಲು ಶೀತಲಗೃಹದ್ದು, ಇಲ್ಲವೇ ಪೂರ್ವ ಕರಾವಳಿಯದು. ಅಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ಬಂಗಡೆಯ ಎಣ್ಣೆ ಬೇಗ ಕಮಟುತ್ತದೆ, ರುಚಿ ಕೆಡುವುದು ಅದರಿಂದಲೇ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕೊಳ್ಳಿ. ಕಿಲೋಗೆ ಏಳೆಂಟು ತೂಗುವಂಥವನ್ನೇ ಆರಿಸಿ. ಗೇಣಿಗಿಂತ ಬಹಳ ಸಣ್ಣವು ಇನ್ನೂ ಒಮ್ಮೆಯೂ ಮೊಟ್ಟೆ ಇಡದ ಮರಿಗಳು, ಅವನ್ನು ಕೊಳ್ಳಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಾರವಾರದಿಂದ ಹುಬ್ಬಳ್ಳಿ ಮೇಲೆ ಬಾಗಲಕೋಟೆ ಅಂದರೆ ಸುಮಾರು 300 ಕಿ.ಮೀ. ಮೀನಿನಷ್ಟೇ ತೂಕದ ಐಸ್ ಇಲ್ಲದೆ ಈ ದಾರಿ ಸಾಗಿ ಬಂದ ಬಂಗಡೆ ಬೇಡ. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಹೊಟ್ಟೆ ಗಟ್ಟಿಯಿರಬೇಕು. ಹೊಟ್ಟೆ ಒಡೆದಿದ್ದರೆ ಕರುಳಿನ ರಸವೇ ಮಾಂಸ ತಿನ್ನಲು ಶುರುಮಾಡಿದೆ ಅಂತ ಅರ್ಥ. ಮನೆಗೆ ತಂದ ಕೂಡಲೇ ಕಿವಿರು, ಕರುಳು ತೆಗೆದು, ತೊಳೆದು ಫ್ರಿಜ್ಜಿನ ಅತಿ ತಣ್ಣನೆಯ ಜಾಗದಲ್ಲಿಡಿ, ಮರುದಿನದೊಳಗೆ ಅಡಿಗೆ ಮಾಡಿ.

ಇದರಲ್ಲಿ ಸಡಿಲ ಬಿಡಬೇಡಿ. ಬಂಗಡೆಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಪ್ರೋಟೀನಿನ ಘಟಕ ಹೆಚ್ಚು. ಬೆಚ್ಚಗೆ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತುವನ್ನಾಗಿ ಮಾಡುತ್ತವೆ. ಹುಳಿ, ಖಾರ ಎಷ್ಟು ಹಾಕಿದರೂ, ಎಷ್ಟು ಕರಿದರೂ ಅದು ಹೋಗುವುದಿಲ್ಲ, ನಾತವೂ ಬರದೇ ಇರಬಹುದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಉಸಿರು ಕಟ್ಟಿದರೆ ತಡಮಾಡದೆ ದವಾಖಾನೆಗೆ ಹೋಗಿ. ಮೊದಲ ತುತ್ತಿಗೇ ನಾಲಿಗೆ ಮೆಣಸು ಕಡಿದಂತೆ ಚುರುಗುಟ್ಟಿದರೆ ಅಲ್ಲಿಗೇ ಊಟ ನಿಲ್ಲಿಸಿ, ಇಡೀ ಸಾರು ಚೆಲ್ಲಿಬಿಡಿ.