ಟ್ಯಾಬ್‌ಗೆ ಬಣ್ಣ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ಸಾಗರದಲ್ಲಿ ನಮ್ಮ ಮಾವನವರ ಅಡಿಕೆ ಮಂಡಿ ಇದೆ. ಅದಕ್ಕಾಗಿ ಪೈಥಾನ್‌ನಲ್ಲಿ, ವಿಂಡೋ ಬಟನ್ ಮಾಡಿಕೊಡುವ ಟಿಕಿಂಟರ್ ಬಳಸಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ರಾಶಿ, ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು ಅಂತ ಅಡಿಕೆಯ ಜಾತಿಗೊಂದರಂತೆ ಆರು ಟ್ಯಾಬ್ ಮಾಡಿದ್ದೇನೆ. ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಕೊಡುವ ಆಸೆ. ವಿಂಡೋಸ್‌ನಲ್ಲಿ ಏನು ಮಾಡಿದರೂ ಬಣ್ಣ ಬರುವುದಿಲ್ಲ. ಕನ್ನಡ ಹೆಸರುಗಳೂ ಇಕ್ಕಟ್ಟಾಗಿವೆ. ಟ್ಯಾಬ್‌ಗಳನ್ನು ಎಡಗಡೆ ನಿಲ್ಲಿಸಬಹುದಾ?
– ಓದುಗರು, ಸಾಗರ

ಉತ್ತರ: ನಿಮ್ಮ ಕೋಡ್ ಸರಿಯಾಗಿಯೇ ಇರಬಹುದು, ಅಡ್ಡ ಬರುತ್ತಿರುವುದು ಥೀಮ್, ಅಂದರೆ ಪ್ರೋಗ್ರಾಂ ಕಾಣುವ ರೀತಿಯನ್ನು ತೀರ್ಮಾನಿಸುವ ಸಿದ್ಧ ರೂಪ. ವಿಂಡೋಸ್‌ನಲ್ಲಿ ಟಿಟಿಕೆ (ಟ್ಯಾಬ್‌ನಂಥವನ್ನು ಕೊಡುವ ಟಿಕಿಂಟರ್‌ನ ಭಾಗ) ತಾನಾಗಿ ‘ವಿಸ್ಟಾ’ ಥೀಮ್ ಹಿಡಿಯುತ್ತದೆ. ಆ ಥೀಮ್‌ನಲ್ಲಿ ಟ್ಯಾಬ್ ಬಿಡಿಸುವುದು ವಿಂಡೋಸೇ. ನೀವು ಕೊಟ್ಟ ಹಿನ್ನೆಲೆ ಬಣ್ಣವನ್ನು ಅದು ನೋಡುವುದೇ ಇಲ್ಲ. ‘ಕ್ಲಾಮ್’ ಥೀಮ್‌ಗೆ ಬನ್ನಿ. ಮೊದಲು ಥೀಮ್ ಬದಲಿಸಿ, ಆಮೇಲೆ ಸ್ಟೈಲ್ ಬರೆಯಿರಿ. ಸ್ಟೈಲ್ ಸೇರುವುದು ಆ ಹೊತ್ತಿನಲ್ಲಿರುವ ಥೀಮ್‌ಗೆ ಮಾತ್ರ. ಆಮೇಲೆ ಥೀಮ್ ಬದಲಿಸಿದರೆ ಬರೆದಿದ್ದೆಲ್ಲ ಹಳೆಯ ಥೀಮ್‌ನಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ. ಆರಿಸಿದ ಟ್ಯಾಬ್‌ನ ಬಣ್ಣ, ಪ್ಯಾಡಿಂಗ್ (ಅಕ್ಷರದ ಸುತ್ತಲಿನ ಜಾಗ) ಎರಡನ್ನೂ ಕ್ಲಾಮ್ ಮೊದಲೇ ನಿಗದಿ ಮಾಡಿಕೊಂಡಿರುತ್ತದೆ. ಹಾಗಾಗಿ ಸ್ಟೈಲ್ ಬರೆಯುವ ‘ಕಾನ್ಫಿಗರ್’ ಒಂದೇ ಸಾಲದು. ಆರಿಸಿದ್ದಕ್ಕೊಂದು, ಆರಿಸದ್ದಕ್ಕೊಂದು ಮೌಲ್ಯವನ್ನು, ಸ್ಥಿತಿಗೆ ತಕ್ಕಂತೆ ರೂಪ ಬದಲಿಸುವ ‘ಮ್ಯಾಪ್’ನಲ್ಲೂ ಬರೆಯಿರಿ. ಇಲ್ಲದಿದ್ದರೆ ಕ್ಲಿಕ್ ಮಾಡಿದ ಟ್ಯಾಬ್ ತಟ್ಟನೆ ಕುಗ್ಗಿದ ಹಾಗೆ ಕಾಣುತ್ತದೆ.

ಎಡಗಡೆಗೆ ತರುವುದು ಸುಲಭ. ನೋಟ್‌ಬುಕ್‌ನ (ಟ್ಯಾಬ್‌ಗಳ ಗುಂಪಿನ) ಸ್ಟೈಲ್‌ನಲ್ಲಿ ಟ್ಯಾಬ್‌ಪೊಸಿಶನ್‌ಗೆ ‘ಡಬ್ಲ್ಯೂಎನ್’ ಕೊಡಿ, ಅಷ್ಟೇ. ಅಕ್ಷರ ಅಡ್ಡಡ್ಡವಾಗಿಯೇ ಓದಲು ಸಿಗುತ್ತದೆ. ಟಿಕಿಂಟರ್‌ನಂಥದ್ದೇ ಇನ್ನೊಂದು ಸಾಧನ ಕ್ಯೂಟಿಯಲ್ಲಿ ಎಡಕ್ಕಿಟ್ಟರೆ ಅಕ್ಷರವೂ ತಿರುಗಿ ನಿಲ್ಲುತ್ತದೆ, ಕನ್ನಡಕ್ಕೆ ಅದು ಹಿಂಸೆ. ಫಾಂಟ್ ಜಾಗದಲ್ಲಿ ‘ನಿರ್ಮಲಾ ಯುಐ’ ಅಂತ ಹೆಸರು ಹಿಡಿದೇ ಬರೆಯಿರಿ. ಮೇಲೆ ಕೆಳಗೆ ಪ್ಯಾಡಿಂಗ್ ಸ್ವಲ್ಪ ಜಾಸ್ತಿ ಇರಲಿ. ‘ಸಿಪ್ಪೆ’ಯಂಥ ಪದದ ಒತ್ತಕ್ಷರಕ್ಕೆ ಕೆಳಗಡೆ ಜಾಗ ಬೇಕು, ಅಲ್ವಾ?

ಆದರೆ ಒಂದೊಂದು ಟ್ಯಾಬ್‌ಗೆ ಒಂದೊಂದು ಹಿನ್ನೆಲೆ ಬಣ್ಣ ಕೊಡಲು ಟಿಟಿಕೆಯಲ್ಲಿ ದಾರಿಯಿಲ್ಲ. ಸ್ಟೈಲ್ ಎಲ್ಲ ಟ್ಯಾಬ್‌ಗೂ ಒಂದೇ. ಬೇಕಿದ್ದರೆ ಹೆಸರಿನ ಪಕ್ಕ ಚಿಕ್ಕ ಬಣ್ಣದ ಚೌಕದ ಚಿತ್ರ ಇಡಬಹುದು. ಆ ಚಿತ್ರವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡದಿದ್ದರೆ ಪೈಥಾನ್ ಅದನ್ನು ಅಳಿಸಿಬಿಡುತ್ತದೆ, ಜಾಗ ಖಾಲಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಈ ಆರು ಟ್ಯಾಬ್ ಬೇಡ ಅನ್ನುವುದು ನನ್ನ ಸಲಹೆ. ನಾನು ಶಿವಮೊಗ್ಗದಲ್ಲಿ ಮಂಡಿ ಲೆಕ್ಕದ ಪ್ರೋಗ್ರಾಂ ಮಾಡಿಕೊಡುವವಳು. ಗುಮಾಸ್ತರ ಪಕ್ಕದಲ್ಲಿ ಕೂತು ನೋಡಿದ್ದೇನೆ. ರೈತರು ಒಂದೇ ಜಾತಿ ಅಡಿಕೆ ತರುವುದಿಲ್ಲ. ಒಂದೇ ಗಾಡಿಯಲ್ಲಿ ನಾಲ್ಕು ಚೀಲ ರಾಶಿ, ಎರಡು ಚೀಲ ಚಾಲಿ, ಮೂಲೆಯಲ್ಲೊಂದು ಗೋಟು ಇರುತ್ತದೆ. ಅವರಿಗೆ ಕೊಡುವ ಪಟ್ಟಿ (ಲೆಕ್ಕದ ಚೀಟಿ) ಮಾತ್ರ ಒಂದೇ. ನಿಮ್ಮ ಪ್ರೋಗ್ರಾಂನಲ್ಲಿ ಆ ಒಂದು ಪಟ್ಟಿಗಾಗಿ ಗುಮಾಸ್ತರು ಮೂರು ಟ್ಯಾಬ್ ಸುತ್ತಬೇಕು. ಎದುರಿಗೆ ಜನ ಕಾಯುತ್ತಿದ್ದಾಗ ಒಂದು ಚೀಲ ಬಿಟ್ಟುಹೋಗುವುದು ಹೀಗೆಯೇ. ನಷ್ಟ ರೈತರದ್ದು.

ಟ್ಯಾಬ್ ಅನ್ನು ಕೆಲಸಕ್ಕೆ ತಕ್ಕಂತೆ ಮಾಡಿ: ಆವಕ, ಪಟ್ಟಿ, ರೈತರ ಖಾತೆ. ಒಂದರ ಕೆಲಸ ಮುಗಿಸಿಯೇ ಇನ್ನೊಂದಕ್ಕೆ ಹೋಗುವಂಥವು ಮಾತ್ರ ಬೇರೆ ಬೇರೆ ಟ್ಯಾಬ್ ಆಗಲಿ. ‘ಎನೇಬಲ್ ಟ್ರಾವರ್ಸಲ್’ ಕರೆದರೆ ಕಂಟ್ರೋಲ್ ಮತ್ತು ಟ್ಯಾಬ್ ಕೀ ಒತ್ತಿ ಓಡಾಡಬಹುದು, ಮೌಸ್ ಹಿಡಿಯಬೇಕಿಲ್ಲ. ಅಡಿಕೆಯ ಜಾತಿ ಪಟ್ಟಿಯೊಳಗೆ ಒಂದು ಕಾಲಂ ಆಗಲಿ, ಗುಮಾಸ್ತರು ಅದನ್ನು ಕಾಂಬೋಬಾಕ್ಸ್‌ನಿಂದ (ಕೆಳಗೆ ತೆರೆದುಕೊಳ್ಳುವ ಆಯ್ಕೆಗಳ ಪೆಟ್ಟಿಗೆಯಿಂದ) ಆರಿಸಲಿ.

ನಿಮ್ಮ ಬಣ್ಣದ ಆಸೆಯೂ ಅಲ್ಲೇ ಈಡೇರುತ್ತದೆ. ಪಟ್ಟಿಗೆ ಸಾಲು, ಕಾಲಂ ತೋರಿಸುವ ಟ್ರೀವ್ಯೂ ಬಳಸಿ, ಜಾತಿಗೊಂದು ಟ್ಯಾಗ್ (ಗುರುತಿನ ಹೆಸರು) ಮಾಡಿ, ಟ್ಯಾಗ್‌ಗೆ ಹಿನ್ನೆಲೆ ಬಣ್ಣ ಕೊಡಿ. ಸಾಲು ಸಾಲಾಗಿ ಬಣ್ಣ ಬರುತ್ತದೆ. ಟಿಕಿಂಟರ್‌ಗೆ ಆಧಾರವಾದ ಟಿಕೆಯ 8.6.9 ಆವೃತ್ತಿಯಲ್ಲಿ ಮಾತ್ರ ಇದಕ್ಕೊಂದು ದೋಷವಿತ್ತು. ಬಣ್ಣ ಕಾಣದಿದ್ದರೆ ಮೊದಲು ಆವೃತ್ತಿ ನೋಡಿ, ಹೊಸ ಪೈಥಾನ್ ಹಾಕಿಕೊಳ್ಳಿ.