ಕುತ್ತಿಗೆಯ ಈ ಗಡ್ಡೆಗೆ ಸೂಜಿ ಪರೀಕ್ಷೆ ಯಾಕೆ ಮಾಡಲ್ಲ?

ಚುಚ್ಚಿದರೆ ಜೋರಾಗಿ ರಕ್ತ ಹರಿಯಬಹುದು, ಅದಕ್ಕೇ. ತೀರ್ಥಹಳ್ಳಿಯ ನಿಮ್ಮ ಅಮ್ಮನಿಗೆ ಕೆರೋಟಿಡ್ ಬಾಡಿ ಟ್ಯೂಮರ್ ಇರಬಹುದು ಎಂದ ಶಿವಮೊಗ್ಗದ ಡಾಕ್ಟರ್ ನೇರ ಸ್ಕ್ಯಾನ್‌ಗೆ ಬರೆದಿದ್ದು ಸರಿಯಾಗಿಯೇ ಇದೆ.

ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ದವಡೆಯ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನಲ್ಲಿ ಕೆರೋಟಿಡ್ ಬಾಡಿ ಎಂಬ ಅಕ್ಕಿಕಾಳಿನಷ್ಟು ಪುಟ್ಟ ಅಂಗವೊಂದಿದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಗಮನಿಸುವುದು ಅದರ ಕೆಲಸ. ಗಡ್ಡೆ ಹುಟ್ಟುವುದು ಅಲ್ಲೇ, ಒಳಗೆಲ್ಲ ರಕ್ತನಾಳ ತುಂಬಿಕೊಂಡು. ಡಾಕ್ಟರ್ ಬೆರಳಿಟ್ಟು ನೋಡಿದರೆ ಅದು ಅಕ್ಕಪಕ್ಕ ಸರಿಯುತ್ತದೆ, ಮೇಲೆ ಕೆಳಗೆ ಸರಿಯುವುದಿಲ್ಲ. ನಾಳಕ್ಕೇ ಅಂಟಿಕೊಂಡಿರುತ್ತದಲ್ವಾ! ರಕ್ತನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಸಿಟಿ ಆಂಜಿಯೋಗ್ರಾಮ್‌ನಲ್ಲಿ ಆ ಎರಡು ಕವಲುಗಳು ಗಡ್ಡೆಯ ಆಚೀಚೆ ಕವೆಗೋಲಿನಂತೆ ಅಗಲವಾಗಿ ಕಾಣುತ್ತವೆ. ಗುರುತು ಹಿಡಿಯಲು ಸಾಮಾನ್ಯವಾಗಿ ಅಷ್ಟು ಸಾಕು.

ತುಂಬಾ ಎತ್ತರದ ಆಂಡೀಸ್ ಬೆಟ್ಟಗಳ ಜನರಲ್ಲಿ ಇದು ಜಾಸ್ತಿ. 1,343 ಮೀಟರ್‌ನ ನಮ್ಮ ಕೊಡಚಾದ್ರಿ ಅದಕ್ಕೆ ಸಾಲದು, ಹಾಗಾಗಿ ಊರಿನ ಮೇಲೆ ಅನುಮಾನ ಬೇಡ. ಕೆಲವು ಮನೆತನಗಳಲ್ಲಿ ಮಾತ್ರ ವಂಶಪಾರಂಪರ್ಯವಾಗಿ ಬರುತ್ತದೆ. ಸಂಬಂಧಿಕರಲ್ಲಿ ಯಾರಿಗಾದರೂ ಇತ್ತಾ, ವಿಚಾರಿಸಿ.

ಕೆಲವರಲ್ಲಿ ಈ ಗಡ್ಡೆ ಬಿಪಿ ಏರಿಸುವ ಹಾರ್ಮೋನ್ ಬಿಡುತ್ತದೆ. ಹಾಗಾಗಿ ಆಪರೇಷನ್‌ಗೆ ಮೊದಲೇ ರಕ್ತ ಅಥವಾ ಮೂತ್ರ ಪರೀಕ್ಷೆ ಆಗಬೇಕು. ಗಡ್ಡೆ ದೊಡ್ಡದಿದ್ದರೆ ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳನ್ನು ಆಪರೇಷನ್‌ಗೆ ಮುಂಚೆ ಮುಚ್ಚುವುದುಂಟು. ಆಮೇಲೆ ಸರ್ಜನ್ ದೊಡ್ಡ ನಾಳದ ಹೊರಪದರದ ಜೊತೆಗೇ ಗಡ್ಡೆಯನ್ನು ನಿಧಾನವಾಗಿ ಸುಲಿದು ತೆಗೆಯುತ್ತಾರೆ. ನಾಲಗೆ, ಧ್ವನಿಯ ನರಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಅವಕ್ಕೆ ಪೆಟ್ಟಾಗುವ ಸಾಧ್ಯತೆ ಎಷ್ಟು ಎಂದು ರಕ್ತನಾಳದ ಸರ್ಜನ್ ಹತ್ತಿರ ಮರೆಯದೆ ಕೇಳಿ. ಬಹುಪಾಲು ಇವು ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. ಯೋಚಿಸಿ ತೀರ್ಮಾನ ಮಾಡಲು ನಿಮಗೆ ಸಮಯವಿದೆ.